ಹೊಕ್ಕುಳಲ್ಲಿ ಒರೆ ಇದ್ದವನು: ಜಾವಾದ ತೊಗಲುಗೊಂಬೆಯ ಘಟೋತ್ಕಚ

ದ್ರೋಣಪರ್ವವನ್ನು ಗಮಕದಲ್ಲಿ ಕೇಳಿದ ಗದಗಿನವರಿಗೆ ಘಟೋತ್ಕಚ ಅಂದರೆ ಒಂದು ರಾತ್ರಿ. ಪಂಜು ಹಿಡಿದು ಕಾದುವ ಎರಡು ಸೈನ್ಯ, ಆಕಾಶದ ತುಂಬ ಮಾಯೆ, ಬೇರೆ ದಾರಿ ಕಾಣದೆ ಕರ್ಣ ಎಸೆದ ಇಂದ್ರನ ಶಕ್ತಿ, ಸಾಯುತ್ತ ಬಿದ್ದಾಗಲೂ ಕೌರವರ ಮೇಲೇ ಬಿದ್ದ ಗುಡ್ಡದಂಥ ಮೈ. ಬೆಳಗಾದ ಮೇಲೆ ಕಥೆ ದ್ರೋಣನ ಕಡೆ ತಿರುಗುತ್ತದೆ. ಭೀಮನ ಈ ಮಗನ ಮಾತು ಅಲ್ಲಿಗೆ ಮುಗಿದ ಹಾಗೆಯೇ.

ಜಾವಾ ದ್ವೀಪದಲ್ಲಿ ಹಾಗಲ್ಲ. ಅಲ್ಲಿಯ ವಯಾಂಗ್ ಕುಲಿತ್, ಅಂದರೆ ತೊಗಲುಗೊಂಬೆ ಆಟದಲ್ಲಿ, ಘಟೋತ್ಕಚನಿಗೆ ಹುಟ್ಟಿನದೇ ಒಂದು ರಾತ್ರಿ ಇದೆ, ಪಟ್ಟದ್ದು ಇನ್ನೊಂದು, ಪ್ರೇಮದ್ದು ಮತ್ತೊಂದು, ಸಾವಿನದು ಬೇರೆ. ಬರೆಯುವಾಗ ಗಟೊಟ್ಕಾಚ, ಜಾವಾದವರ ಬಾಯಲ್ಲಿ ಗಟುಟ್ಕೊಚೊ. ಅವರ ಮಾತಿನಲ್ಲಿ ಪದದ ಕೊನೆಯ 'ಅ' ಸ್ವರ 'ಒ' ಕಡೆ ವಾಲುತ್ತದೆ, ಭೀಮ ಬಿಮೊ ಆಗುವುದೂ ಹಾಗೆಯೇ. ಅವನು ಅಲ್ಲಿ ಕರೆದಾಗ ಬಂದು ಹೋಗುವ ರಾಕ್ಷಸ ಮಗನಲ್ಲ. ಪ್ರಿಂಗ್ಗಡಾನಿ ಎಂಬ ರಾಜ್ಯದ ಒಡೆಯ, ಪಾಂಡವರ ಆಕಾಶದ ಕಾವಲುಗಾರ. ಇಂಡೋನೇಷ್ಯಾ ತಾನೇ ರೂಪಿಸಿದ ಎನ್-250 ವಿಮಾನ 1995ರ ಆಗಸ್ಟ್ 10ರಂದು ಮೊದಲ ಸಲ ಹಾರಿದಾಗ ಆ ಮೊದಲ ಮಾದರಿಗೆ ಇಟ್ಟ ಹೆಸರೂ ಇವನದೇ.

ಮಹಾಭಾರತ ಅಲ್ಲಿಗೆ ಮುಟ್ಟಿದ್ದು ತಡವಾಗಿಯೇನೂ ಅಲ್ಲ. ಅಣ್ಣಿಗೇರಿಯ ನಂಟಿರುವ ಪಂಪ ವಿಕ್ರಮಾರ್ಜುನ ವಿಜಯವನ್ನು ಮುಗಿಸಿದ್ದು 941ರಲ್ಲಿ. ಪೂರ್ವ ಜಾವಾದ ರಾಜ ಧರ್ಮವಂಶ ತೆಗುಹ್‌ನ ಆಸ್ಥಾನದಲ್ಲಿ ವಿರಾಟಪರ್ವ ಹಳೆಯ ಜಾವಾ ಗದ್ಯಕ್ಕೆ ಬಂದದ್ದು 996ರಲ್ಲಿ. ನಡುವೆ 55 ವರ್ಷ ಅಷ್ಟೇ. ನಮ್ಮ ಹಾನಗಲ್ಲಿನವರು ತಮ್ಮ ಊರನ್ನೇ ವಿರಾಟನ ಕೋಟೆ ಎನ್ನುತ್ತಾರೆ. ಜಾವಾದವರು ಡಿಯೆಂಗ್ ಎಂಬ ಎತ್ತರದ ಬಯಲಿನ ಹಳೆಯ ಶಿವಾಲಯಗಳಿಗೆ ಭೀಮ, ಅರ್ಜುನ, ಗಟೊಟ್ಕಾಚ ಎಂದು ಹೆಸರಿಟ್ಟಿದ್ದಾರೆ. ಕಥೆಯನ್ನು ತಮ್ಮ ನೆಲಕ್ಕೆ ಇಳಿಸಿಕೊಳ್ಳುವ ಆಸೆ ಎರಡೂ ಕಡೆ ಒಂದೇ. 1157ರಲ್ಲಿ ಕೆಡಿರಿಯ ರಾಜ ಜಯಭಯನ ಕಾಲದಲ್ಲಿ ಮ್ಪು ಸೆಡಾಹ್, ಮ್ಪು ಪನುಲುಹ್ ಎಂಬ ಇಬ್ಬರು ಕವಿಗಳು ಭಾರತಯುದ್ಧ ಕಾವ್ಯ ಬರೆದರು. ಅದೇ ಪನುಲುಹ್ ಮುಂದೆ ಘಟೋತ್ಕಚಾಶ್ರಯ ಎಂಬ ಬೇರೆಯದೇ ಕಾವ್ಯವನ್ನು ಬರೆದ, ಅದರಲ್ಲಿ ಅಭಿಮನ್ಯುವಿನ ಮದುವೆಗೆ ನೆರವಾಗುವವನು ಘಟೋತ್ಕಚ. ಅಂದರೆ ಕುಮಾರವ್ಯಾಸ ವೀರನಾರಾಯಣನ ಸನ್ನಿಧಿಯಲ್ಲಿ ಭಾರತ ಹೇಳುವ ಕಾಲಕ್ಕೆ ಜಾವಾದಲ್ಲಿ ಈತ ಕಾವ್ಯದ ಹೆಸರಾಗಿ ಆಗಲೇ ತಲೆಮಾರುಗಳು ಕಳೆದಿದ್ದವು.

ಗೊಂಬೆಯಾಟದ ಕಥೆ ಕಾವ್ಯಗಳಿಗಿಂತ ಇನ್ನೂ ಮುಂದೆ ಹೋಗುತ್ತದೆ. ಕೂಸಿನ ಹೆಸರು ತೆತುಕ. ಹುಟ್ಟಿದಾಗ ಹೊಕ್ಕುಳಬಳ್ಳಿಯನ್ನು ಯಾವ ಆಯುಧವೂ ಕತ್ತರಿಸಲಿಲ್ಲ. ಅದಕ್ಕೆಂದೇ ದೇವಲೋಕದಿಂದ ಒಂದು ಆಯುಧ ಇಳಿಯಿತು, ಹೆಸರು ಕೊಂತ. ಹಳಗನ್ನಡ ಓದಿದವರಿಗೆ ಇದು ನಮ್ಮ ಕುಂತವೇ, ಈಟಿ, ಎಂದು ತಟ್ಟನೆ ಗೊತ್ತಾಗುತ್ತದೆ. ತಂದ ನಾರದ ಅರ್ಜುನನೆಂದು ತಿಳಿದು ಕರ್ಣನ ಕೈಗೆ ಕೊಟ್ಟುಬಿಟ್ಟ, ಇಬ್ಬರೂ ನೋಡಲು ಒಂದೇ ಥರ. ಅರ್ಜುನ ಬೆನ್ನಟ್ಟಿ ಕಾದಾಡಿದ, ದಕ್ಕಿದ್ದು ಆಯುಧದ ಒರೆ ಮಾತ್ರ. ಆ ಒರೆಯಿಂದಲೇ ಬಳ್ಳಿ ಕತ್ತರಿಸಿತು. ಕತ್ತರಿಸಿದ ಒರೆ ಕೂಸಿನ ಹೊಕ್ಕುಳೊಳಗೆ ಸೇರಿ ಮಾಯವಾಯಿತು.

ಇದೊಂದು ಸಂಗತಿ ಇಡೀ ಪಾತ್ರವನ್ನು ತಿರುಗಿಸುತ್ತದೆ. ನಮ್ಮಲ್ಲಿ ಘಟೋತ್ಕಚನ ಸಾವಿಗೆ ಕಾರಣ ಅವನ ಹೊರಗಿದೆ: ಅರ್ಜುನನಿಗೆಂದು ಕರ್ಣ ಕಾದಿಟ್ಟ ಶಕ್ತಿ, ಅದನ್ನು ಖರ್ಚು ಮಾಡಿಸುವ ಕೃಷ್ಣನ ಲೆಕ್ಕ. ಜಾವಾದ ಆಟದಲ್ಲೂ ಅವನನ್ನು ಆ ರಾತ್ರಿ ಕಳಿಸುವವನು ಕೃಷ್ಣನೇ. ಆದರೆ ಸಾವಿನ ಬೇರು ಅವನ ಮೈಯೊಳಗೇ ಇದೆ. ಕತ್ತಿ ಎಲ್ಲಿದ್ದರೂ ಒರೆಗೆ ಬರಲೇಬೇಕಲ್ಲ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಗೊಂಬೆಯನ್ನು ನೋಡಿದರೆ ಅದರ ಒಂದೊಂದು ಭಾಗವೂ ಮಾತಾಡುತ್ತದೆ.

ಮೊದಲು ಹಲ್ಲು. ರಾಕ್ಷಸಿಯ ಮಗ, ಆದರೂ ಗೊಂಬೆಗೆ ಕೋರೆಹಲ್ಲಿಲ್ಲ. ತೆತುಕನನ್ನು ದೇವಲೋಕಕ್ಕೆ ಒಯ್ದು, ಚಂದ್ರದಿಮುಕ ಎಂಬ ಕುದಿಯುವ ಕುಳಿಗೆ ಹಾಕಿ, ಮೇಲಿಂದ ದೇವತೆಗಳು ತಮ್ಮ ಆಯುಧಗಳನ್ನೆಲ್ಲ ಸುರಿದರು. ಅದೆಲ್ಲ ಕರಗಿ ಕೂಸಿನ ಮೈ ಸೇರಿತು. ಹೊರಬಂದಾಗ ಅವನು ಕೂಸಲ್ಲ, ಬೆಳೆದ ಗಂಡಸು. ಜಾವಾ ಮಾತಿನಲ್ಲಿ ಅವನನ್ನು ಬಣ್ಣಿಸುವುದೇ 'ತಂತಿಯ ನರ, ಕಬ್ಬಿಣದ ಎಲುಬು' ಎಂದು. ಒಂದು ಪಾಠದ ಪ್ರಕಾರ ಅಲ್ಲೇ ಕೃಷ್ಣ ಚಕ್ರದಿಂದ ಅವನ ಕೋರೆ ತೆಗೆದ. ಡಿಯೆಂಗ್‌ನಲ್ಲಿ ಇವತ್ತಿಗೂ ಹೊಗೆಯಾಡುವ ಒಂದು ಕುಳಿಗೆ ಚಂದ್ರದಿಮುಕ ಎಂದೇ ಹೆಸರು. ನಮ್ಮ ಕಡೆಯವರು ಈ ಗೊಂಬೆಯ ಪ್ರತಿ ಮಾಡಲು ಕೂತಾಗ ಮಾಡುವ ಮೊದಲ ತಪ್ಪು ಇದೇ: ದೊಡ್ಡಾಟದ ರಕ್ಕಸ ವೇಷ ಕಣ್ಣಲ್ಲಿ ಇರುತ್ತದೆ, ಎರಡು ಕೋರೆ ಬರೆದುಬಿಡುತ್ತಾರೆ. ಆಗ ಅದು ಘಟೋತ್ಕಚ ಆಗುವುದಿಲ್ಲ, ಅವನು ಕೊಲ್ಲುವ ರಕ್ಕಸರಲ್ಲಿ ಒಬ್ಬ ಆಗುತ್ತದೆ.

ಮುಖ ಪಕ್ಕದಿಂದ, ಭುಜ ಎರಡೂ ಕಾಣುವ ಹಾಗೆ. ಕಣ್ಣು ದುಂಡಗೆ, ಬಿಟ್ಟ ಕಣ್ಣು, ಇದಕ್ಕೆ ತೆಲೆಂಗನ್ ಎನ್ನುತ್ತಾರೆ. ಅರ್ಜುನನದು ಇದಕ್ಕೆ ವಿರುದ್ಧ, ಭತ್ತದ ಕಾಳಿನಂತೆ ಸೀಳಿದ ಕಣ್ಣು. ಮೂಗು ದಪ್ಪ, ತುದಿ ಮೊಂಡು. ಮೂಗು ಮತ್ತು ಕಣ್ಣು ಎರಡೂ ಅಪ್ಪ ಭೀಮನಿಂದ ಬಂದವು, ಜಾವಾದ ಪ್ರೇಕ್ಷಕ ಅಲ್ಲಿಯೇ ರಕ್ತಸಂಬಂಧ ಓದಿಕೊಳ್ಳುತ್ತಾನೆ. ಮೀಸೆ ಇದೆ. ಮುಖದ ಬಣ್ಣ ಕಪ್ಪು ಇಲ್ಲವೆ ಚಿನ್ನ. ಕಪ್ಪು ಎಂದರೆ ಕೆಟ್ಟವನೆಂದಲ್ಲ, ಒಳಗೆ ಗಟ್ಟಿಯಾದವನು ಎಂದು. ಕೂದಲು ಹಿಂದಿನಿಂದ ಮೇಲಕ್ಕೆ ಸುತ್ತಿ ಮುಂದೆ ಬಂದು ಬಾಗುತ್ತದೆ, ಸಿಗಡಿಯ ಕೊಂಡಿಯಂತೆ, ಅದಕ್ಕೇ ಸುಪಿತ್ ಉರಂಗ್ ಎಂದು ಹೆಸರು. ತಲೆಯ ಹಿಂದೆ, ಹಿಂದಕ್ಕೆ ಮುಖ ಮಾಡಿದ ಗರುಡ. ಬೆನ್ನಿಗೆ ರೆಕ್ಕೆಯಂತೆ ಹರಡಿದ ಪ್ರಭ. ದೊಡ್ಡಾಟದ ಭುಜಕೀರ್ತಿಯನ್ನು ಹಿಂದಕ್ಕೆ ಸರಿಸಿ ದೊಡ್ಡದು ಮಾಡಿದರೆ ಹೇಗೋ ಹಾಗೆ. ನಿಲುವು ಕಾಲು ಅಗಲಿಸಿದ ವೀರರ ನಿಲುವು.

ಭೀಮನ ಗೊಂಬೆಯ ಜೊತೆ ಗೊಂದಲವಾದರೆ ಹೆಬ್ಬೆರಳು ನೋಡಿ. ಭೀಮನಿಗೆ ಅಲ್ಲಿ ಪಂಚನಕ ಎಂಬ ಉದ್ದ ಉಗುರು ಇರುತ್ತದೆ, ಸೊಂಟಕ್ಕೆ ಚೌಕಳಿ ಬಟ್ಟೆ. ಮಗನಿಗೆ ಆ ಉಗುರಿಲ್ಲ, ಬದಲಿಗೆ ಪ್ರಭ ಇದೆ. ಸಾಲಿನಲ್ಲಿ ಹುಡುಕುವುದಾದರೆ, ಆಡಿಸುವವನ ಬಲಗಡೆಯ ಸಾಲು ಪಾಂಡವರದು, ಎಡಗಡೆ ಕೌರವರು ಮತ್ತು ರಕ್ಕಸರು. ನೆರಳಿನ ಬದಿಯಿಂದ ನೋಡುವವರಿಗೆ ಇದು ತಿರುವುಮುರುವು ಆಗುತ್ತದೆ. ಫೋಟೋ ನೋಡಿ ಪಾತ್ರ ಗುರುತಿಸುವವರು ಎಡವುವುದು ಹೆಚ್ಚಾಗಿ ಇಲ್ಲಿಯೇ. ಮೊದಲು ಫೋಟೋ ಯಾವ ಬದಿಯಿಂದ ತೆಗೆದದ್ದು ಎಂದು ತಿಳಿಯಬೇಕು. ಬಣ್ಣ ಕಂಡರೆ ಆಡಿಸುವವನ ಬದಿ, ಬರೀ ಕಪ್ಪು ಕಂಡರೆ ನೆರಳಿನ ಬದಿ.

ಒಂದೇ ಪಾತ್ರಕ್ಕೆ ಒಂದೇ ಗೊಂಬೆ ಅಲ್ಲ ಎನ್ನುವುದು ನಮ್ಮವರಿಗೆ ಹೊಸದು ಅನಿಸಬಹುದು. ಮುಖ್ಯ ಪಾತ್ರಗಳಿಗೆ ಭಾವಕ್ಕೆ ತಕ್ಕಂತೆ ಬೇರೆ ಬೇರೆ ಗೊಂಬೆ, ಅದಕ್ಕೆ ವಂಡ ಎನ್ನುತ್ತಾರೆ. ಘಟೋತ್ಕಚನ ವಂಡಗಳ ಹೆಸರು ಕೇಳಿ: ಕಿಲತ್, ತಾತಿತ್, ಗುಂತುರ್, ಗೆಲಪ್. ಮಿಂಚು, ಸುಳಿಮಿಂಚು, ಗುಡುಗು, ಸಿಡಿಲು. ಎಲ್ಲವೂ ಮಳೆಯ ಆಕಾಶದಿಂದ ತಂದವು. ವ್ಯತ್ಯಾಸ ಮೊದಲ ನೋಟಕ್ಕೆ ಕಾಣುವುದಿಲ್ಲ: ಕತ್ತು ಎಷ್ಟು ಬಾಗಿದೆ, ಭುಜ ಎಷ್ಟು ಇಳಿದಿದೆ, ಎದೆ ಎಷ್ಟು ಮುಂದೆ ಬಂದಿದೆ, ಮುಖಕ್ಕೆ ಯಾವ ಬಣ್ಣ, ಇಷ್ಟರಲ್ಲಿ ಅಡಗಿರುತ್ತದೆ. ಗಲ್ಲವನ್ನು ಒಂದು ಬೆರಳಿನಷ್ಟು ಎತ್ತಿ ನೋಡಿ, ವಿನಯದ ಮಗ ಸೊಕ್ಕಿನವನಾಗಿಬಿಡುತ್ತಾನೆ. ಪ್ರತಿ ಮಾಡುವವರು ಕಡಿಮೆ ಲಕ್ಷ್ಯ ಕೊಡುವುದೂ, ಗೊಂಬೆ ಎಲ್ಲಕ್ಕಿಂತ ಹೆಚ್ಚು ಕೆಡುವುದೂ ಈ ಕತ್ತಿನ ಕೋನದಲ್ಲೇ.

ಈಗ ಮಾಡುವ ಕೆಲಸ. ಜಾವಾದಲ್ಲಿ ಎಮ್ಮೆಯ ತೊಗಲು, ಕೆರೆದ ಮೇಲೂ ಗಟ್ಟಿ, ಬೆಳಕು ದಾಟದು. ಹಾಗಾಗಿ ನೆರಳು ಕಪ್ಪು, ಬೆಳಕು ಬರುವುದು ಕೊರೆದ ತೂತುಗಳಿಂದ ಮಾತ್ರ. ತೊಗಲುಗೊಂಬೆ ಆಡಿಸುವ ನಮ್ಮ ಕಿಳ್ಳೇಕ್ಯಾತರ ಗೊಂಬೆ ಇದಕ್ಕೆ ಉಲ್ಟಾ: ಆಡಿನ ತೆಳು ತೊಗಲು, ಬಣ್ಣ ಒಳಗಿಳಿದು ನೆರಳೇ ಕೆಂಪು, ಹಸಿರಾಗಿ ಹೊಳೆಯುತ್ತದೆ. ಎರಡನ್ನೂ ಬೆರೆಸಬಾರದು. ಆಡಿನ ತೊಗಲಿನ ಮೇಲೆ ಜಾವಾದ ಕೊರೆತ ಮಾಡಿ ತೆಳು ಬಣ್ಣ ಹಚ್ಚಿದರೆ, ಸುತ್ತಲಿನ ತೊಗಲೂ ಬೆಳಗಿ ತೂತಿನ ಬೆಳಕು ಕಾಣದೇ ಹೋಗುತ್ತದೆ, ಅಷ್ಟು ದಿನದ ಉಳಿಕೆಲಸ ಪರದೆಯ ಮೇಲೆ ಇಲ್ಲವಾಗುತ್ತದೆ.

ಹುಬ್ಬಳ್ಳಿ-ಧಾರವಾಡದಲ್ಲಿ ಕಲಿಕೆಗೆ ಒಂದು ಪ್ರತಿ ಮಾಡುವವರಿಗೆ ಸುಲಭವಾಗಿ ಸಿಗುವುದು ಡೊಳ್ಳು, ಹಲಗಿ ಬಿಗಿಯುವವರ ಹತ್ತಿರದ ಹಸಿ ತೊಗಲು. ಚಪ್ಪಲಿಗೆ ಹದ ಮಾಡಿದ ಮೆತ್ತನೆಯ ಚರ್ಮ ತಂದರೆ ಉಪಯೋಗವಿಲ್ಲ, ಗೊಂಬೆ ನಿಲ್ಲುವುದಿಲ್ಲ, ತೂತಿನ ಅಂಚು ನಾರುನಾರಾಗುತ್ತದೆ. ಹಸಿ ತೊಗಲನ್ನು ಒಂದೆರಡು ರಾತ್ರಿ ನೀರಲ್ಲಿ ನೆನೆಸಿ, ಕಟ್ಟಿಗೆಯ ಚೌಕಟ್ಟಿಗೆ ಸುತ್ತಲೂ ಹಗ್ಗದಿಂದ ಎಳೆದು ಕಟ್ಟಿ, ಕೂದಲ ಬದಿ, ಮಾಂಸದ ಬದಿ ಎರಡನ್ನೂ ಕೆರೆಯಬೇಕು. ಕೊಬ್ಬು ಉಳಿದರೆ ಹಳದಿ ಕಲೆಯಾಗಿ ಮೇಲೆ ಬಂದು ಬಣ್ಣವನ್ನು ಎಬ್ಬಿಸುತ್ತದೆ. ಒಣಗಿಸಲು ಜನವರಿಯಿಂದ ಏಪ್ರಿಲ್‌ವರೆಗಿನ ಬಿಸಿಲು ಒಳ್ಳೆಯದು. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಶುರು ಮಾಡಿದರೆ ತೊಗಲು ಒಣಗುವುದಕ್ಕಿಂತ ಮೊದಲು ನಾರುತ್ತದೆ. ನಾರಿದ ತೊಗಲು ಒಳಗೆ ಪದರು ಬಿಟ್ಟಿರುತ್ತದೆ, ಉಳಿ ಇಟ್ಟಾಗ ಸೀಳುತ್ತದೆ.

45 ಸೆಂಟಿಮೀಟರ್ ಎತ್ತರದ ಗೊಂಬೆ ಕಲಿಯುವವರ ಕೈಗೆ ಸರಿ. ಭಾಗಗಳು 5: ತಲೆಯಿಂದ ಪಾದದವರೆಗೆ ಒಂದೇ ತುಂಡು, ಎರಡು ತೋಳು, ಎರಡು ಮುಂಗೈ. ಕೀಲು 4, ಭುಜಕ್ಕೆ ಎರಡು, ಮೊಣಕೈಗೆ ಎರಡು. ಮಣಿಕಟ್ಟಿಗೆ ಕೀಲಿಲ್ಲ. ಮೈಯ ತುಂಡನ್ನು ತೊಗಲಿನ ಬೆನ್ನಿನ ಭಾಗದಿಂದ ತೆಗೆಯಬೇಕು, ದಪ್ಪ ಒಂದೇ ಸಮ ಇರುವುದು ಅಲ್ಲಿ. ಹೊಟ್ಟೆಯ ಭಾಗ ತೆಳು, ಹವೆ ಬದಲಾದಾಗ ಸುರುಳಿ ಸುತ್ತುತ್ತದೆ. ಕೈಗಳ ಉದ್ದ ನೋಡಿ ಹೆದರಬೇಡಿ. ಇಳಿಬಿಟ್ಟರೆ ಹೆಚ್ಚುಕಡಿಮೆ ಪಾದದ ಹತ್ತಿರ ಬರುತ್ತವೆ, ನಮ್ಮ ಆಜಾನುಬಾಹು ಎಂಬ ಮಾತೂ ಸಾಲದು. ಇದು ವಿಕಾರ ಎಂದು ಮನುಷ್ಯರ ಅಳತೆಗೆ ಕತ್ತರಿಸಿದವರ ಗೊಂಬೆ ನಮಸ್ಕಾರ ಮಾಡಲಾರದು, ಗದೆ ಎತ್ತಲಾರದು, ಯಾಕೆಂದರೆ ಅಗಲವಾದ ಭುಜದಿಂದ ಹೊರಟ ಕೈ ಎದೆ ದಾಟಿ ಮುಖದ ಮುಂದೆ ಬರಬೇಕಾದರೆ ಅಷ್ಟು ಉದ್ದ ಬೇಕೇಬೇಕು.

ಉಳಿಯ ಕೆಲಸಕ್ಕೆ ಕ್ರಮ ಉಂಟು. ಮೊದಲು ಒಳಗಿನ ಆಭರಣ, ಆಮೇಲೆ ಹೊರಗಿನ ಅಂಚು, ಕಟ್ಟಕಡೆಗೆ ಮುಖ. ಒಳಗಿನದನ್ನು ಮೊದಲು ಮಾಡುವುದು ಸುತ್ತಲಿನ ತೊಗಲು ಹಿಡಿದುಕೊಂಡಿರುವಾಗ ಏಟು ಬಿದ್ದರೆ ತುಂಡು ಅಲುಗುವುದಿಲ್ಲ ಎಂದು. ಮುಖ ಕೊನೆಗೆ, ಯಾಕೆಂದರೆ ಅಷ್ಟು ಹೊತ್ತಿಗೆ ಕೈ ಆ ತೊಗಲಿನ ಗುಣ ತಿಳಿದಿರುತ್ತದೆ. ಜಾವಾದ ಕೆಲಸಗಾರರು ಮುಖ ಬಿಡಿಸುವುದನ್ನು ಬೇರೆಯದೇ ಹಂತವೆಂದು ಎಣಿಸುತ್ತಾರೆ, ಎಷ್ಟೋ ಕಡೆ ಅದು ಹಿರಿಯ ಕೈಯ ಪಾಲು. ಕೊರೆತದ ಮಾದರಿಗಳಿಗೂ ಹೆಸರಿದೆ. ಬುಬುಕನ್ ಅಂದರೆ ಸಾಲಾಗಿ ದುಂಡು ಚುಕ್ಕೆ, ತ್ರತಾಸನ್ ಅಂದರೆ ಬಿಟ್ಟುಬಿಟ್ಟು ಸಾಗುವ ಗೆರೆ, ಉಂತು ವಲಂಗ್ ಅಂದರೆ ಮಿಡತೆಯ ಹಲ್ಲು, ಮಾಸ್-ಮಾಸನ್ ಆಭರಣದ ಕುಸುರಿ. ಉಳಿಯ ಮೊನೆಯನ್ನು ಆಗಾಗ ಜೇನುಮೇಣಕ್ಕೆ ತಾಗಿಸಿದರೆ ಸಲೀಸಾಗಿ ಇಳಿಯುತ್ತದೆ. ಉಳಿ ನೇರ ನಿಲ್ಲಬೇಕು. ಓರೆಯಾದರೆ ತೂತು ಮೇಲೆ ಅಗಲ, ಕೆಳಗೆ ಇಕ್ಕಟ್ಟು, ಎದುರಿನಿಂದ ನೋಡಿದರೆ ಚೆಂದವೇ ಕಾಣುತ್ತದೆ, ಬೆಳಕು ಮಾತ್ರ ಅರ್ಧ ಬರುತ್ತದೆ. ಆಡಿನ ತೊಗಲೇ ಸಿಕ್ಕಿದ್ದರೆ ತೂತು-ತೂತಿನ ನಡುವೆ 1.5 ಮಿಲಿಮೀಟರಾದರೂ ಬಿಡಿ, ಕಡಿಮೆ ಬಿಟ್ಟರೆ ಆಡಿಸುವಾಗ ಹರಿಯುತ್ತದೆ.

ಬಣ್ಣದ ಕೆಲಸಕ್ಕೆ ಸುಂಗ್ಗಿಂಗ್ ಎನ್ನುತ್ತಾರೆ. ಬಿಳಿಯ ಅಸ್ತರು, ಚಿನ್ನದ ರೇಕು, ಮೇಲೆ ತಿಳಿಯಿಂದ ಗಾಢದ ಕಡೆ ಪಟ್ಟಿಪಟ್ಟಿಯಾಗಿ ಏರುವ ಬಣ್ಣ. ನೆರಳಿಗೆ ಬಣ್ಣ ಯಾಕೆ ಎಂದು ಕೇಳುವವರಿದ್ದಾರೆ. ಆಡಿಸುವವನ ಬದಿಯಲ್ಲಿ ಕೂತು ನೋಡುವ ಪ್ರೇಕ್ಷಕರು ಅಲ್ಲಿ ಇದ್ದೇ ಇದ್ದಾರೆ, ಈಗಂತೂ ಬಹುಪಾಲು ಜನ ಆ ಕಡೆಯೇ. ಮರೆಯಬಾರದ ಒಂದೇ ಮಾತು: ಎರಡೂ ಬದಿಗೆ ಒಂದೇ ದಪ್ಪದಲ್ಲಿ ಬಣ್ಣ ಹಚ್ಚಿ. ಒಂದೇ ಬದಿಗೆ ಹಚ್ಚಿದರೆ ಒಣಗುವ ಬಣ್ಣ ತೊಗಲನ್ನು ತನ್ನ ಕಡೆ ಎಳೆದುಕೊಂಡು ಗೊಂಬೆ ದೋಣಿಯಾಗುತ್ತದೆ. ದೋಣಿಯಾದ ಗೊಂಬೆಯ ನಡು ಪರದೆಗೆ ತಾಗಿದರೆ ಅಂಚು ತಾಗುವುದಿಲ್ಲ, ನೆರಳು ನಡುವೆ ಚೂಪು, ಸುತ್ತಲೂ ಮಸುಕು.

ನಡುಕೋಲಿಗೆ ಗಪಿತ್ ಎಂದು ಹೆಸರು, ಕೈಗಳ ಎರಡು ಕಡ್ಡಿಗೆ ತುಡಿಂಗ್. ಅಲ್ಲಿ ಎಮ್ಮೆಯ ಕೋಡನ್ನು ಸೀಳಿ, ಬೆಂಕಿಗೆ ಕಾಯಿಸಿ, ಮೈಯ ತಿರುವಿಗೆ ತಕ್ಕಂತೆ ಬಗ್ಗಿಸುತ್ತಾರೆ. ನಮಗೆ ಬಿದಿರು ಸಾಕು. 60 ಸೆಂಟಿಮೀಟರಿನ ಕೋಲಿನಲ್ಲಿ ಮೇಲಿನ 45 ಸೀಳಿ, ಗೊಂಬೆಯನ್ನು ನಡುವೆ ಕಚ್ಚಿಸಿ, ಐದಾರು ಕಡೆ ಜೋಡಿ ತೂತು ಮಾಡಿ ದಾರದಿಂದ ಬಿಗಿಯಿರಿ. ಕೆಳಗೆ ಉಳಿದ 15 ಸೆಂಟಿಮೀಟರ್ ಹಿಡಿಕೆ, ತುದಿ ಚೂಪು. ಘಟೋತ್ಕಚನಿಗೆ ಬೆನ್ನ ಹಿಂದೆ ಪ್ರಭದ ಭಾರ ಇದೆ. ಕೋಲನ್ನು ಮೈಯ ಸರಿನಡುವೆ ಇಟ್ಟರೆ ಗೊಂಬೆ ಹಿಂದಕ್ಕೆ ವಾಲುತ್ತದೆ, ಒಂದೆರಡು ಬೆರಳು ಬೆನ್ನಿನ ಕಡೆ ಸರಿಸಿ. ಕೀಲಿನ ಗಂಟು ಪರೀಕ್ಷೆ ಸುಲಭ: ಮುಂಗೈ ಎತ್ತಿ ಕಡ್ಡಿ ಬಿಡಿ. ತನ್ನ ಭಾರಕ್ಕೆ ತಾನೇ ಮೆಲ್ಲಗೆ ಇಳಿದರೆ ಸರಿ. ಮೇಲೇ ನಿಂತರೆ ಬಿಗಿ ಹೆಚ್ಚು, ಬಿದ್ದು ಜೋಲಾಡಿದರೆ ಸಡಿಲ.

ಪರದೆಗೆ ಧೋತರ ಕಟ್ಟುವವರಿದ್ದಾರೆ. ಎರಡು ಧೋತರ ಜೋಡಿಸಿದರೆ ಹೊಲಿಗೆಯ ಗೆರೆ ಘಟೋತ್ಕಚ ಹಾರುವ ದಾರಿಯಲ್ಲೇ ಅಡ್ಡ ಬರುತ್ತದೆ. ಹಾಸಿಗೆಗೆ ಹಾಕುವ 90 ಇಂಚು ಅಗಲದ ಬಿಳಿ ಹತ್ತಿ ಬಟ್ಟೆ ತಂದರೆ ಹೊಲಿಗೆಯ ಗೊಡವೆಯಿಲ್ಲ. ಕೆಳಗೆ ಬಾಳೆದಿಂಡು, ಗೊಂಬೆಯ ಕೋಲು ಚುಚ್ಚಿ ನಿಲ್ಲಿಸಲು. ಜಾವಾದಲ್ಲೂ ಅದೇ, ಮೇಲೊಂದು ಕೆಳಗೊಂದು ಎರಡು ಮಟ್ಟ: ದೊಡ್ಡವರು ಮೇಲಿನದಕ್ಕೆ, ಕೆಳಗೆ ಕೂರುವವರು ಕೆಳಗಿನದಕ್ಕೆ. ದಿಂಡು ಅವತ್ತೇ ಕಡಿದದ್ದಿರಲಿ, ಮತ್ತು ಬಟ್ಟೆಗೆ ತಾಗದಂತೆ ನಡುವೆ ಪ್ಲಾಸ್ಟಿಕ್ ಹಾಳೆ ಇಡಿ. ಬಾಳೆಯ ಕಲೆ ಒಗೆದರೂ ಹೋಗದು.

ದೀಪದ ವಿಷಯದಲ್ಲಿ ನಮ್ಮ ಸಭಾಭವನಗಳಲ್ಲಿ ಆಗುವ ತಪ್ಪು ದೊಡ್ಡದು. ಅಲ್ಲಿಯ ಬ್ಲೆಂಚೊಂಗ್ ಆಡಿಸುವವನ ತಲೆಯ ಮೇಲೆ ತೂಗುವ ಎಣ್ಣೆ ದೀಪ, ಈಗ ವಿದ್ಯುತ್ ದೀಪವೂ ಉಂಟು, ಏನೇ ಆದರೂ ಬೆಳಕಿನ ಮೂಲ ಒಂದೇ ಮತ್ತು ಚಿಕ್ಕದು. ಇಲ್ಲಿ ಟ್ಯೂಬ್‌ಲೈಟ್ ಇಡುತ್ತಾರೆ, ಇಲ್ಲವೆ ಹತ್ತಾರು ಕಣ್ಣಿನ ಎಲ್‌ಇಡಿ ಫೋಕಸ್. ಲೆಕ್ಕ ನೋಡಿ. ದೀಪ ಪರದೆಯಿಂದ 100 ಸೆಂಟಿಮೀಟರ್ ದೂರ, ಗೊಂಬೆ ಪರದೆಯಿಂದ 10 ಸೆಂಟಿಮೀಟರ್ ಈಚೆ ಇದೆ ಎಂದುಕೊಳ್ಳಿ. ದೀಪದ ಅಗಲ 2 ಸೆಂಟಿಮೀಟರಾದರೆ ನೆರಳಿನ ಅಂಚಿನ ಮಸುಕು ಸುಮಾರು 2 ಮಿಲಿಮೀಟರ್. ದೀಪದ ಅಗಲ 20 ಸೆಂಟಿಮೀಟರಾದರೆ ಮಸುಕು 2 ಸೆಂಟಿಮೀಟರಿಗೂ ಮೇಲೆ. ಮಿಡತೆಯ ಹಲ್ಲು, ಚುಕ್ಕೆ ಸಾಲು, ಎಲ್ಲ ಅದರಲ್ಲಿ ಮುಳುಗಿತು. ಹಲವು ಕಣ್ಣಿನ ಎಲ್‌ಇಡಿಯಾದರೆ ಒಬ್ಬ ಘಟೋತ್ಕಚನ ಸುತ್ತ ಹತ್ತು ತೆಳು ಘಟೋತ್ಕಚರು. ಒಂದೇ ಕಣ್ಣಿನ ಎಲ್‌ಇಡಿ ಅಥವಾ ಪಾರದರ್ಶಕ ಗಾಜಿನ ಹಳೆಯ ಬಲ್ಬು ಸಾಕು. ಎಣ್ಣೆ ದೀಪಕ್ಕೆ ಸಮ ಯಾವುದೂ ಇಲ್ಲ, ಅದರ ಕುಡಿ ಅಲುಗಿದರೆ ನಿಂತ ಗೊಂಬೆಯೂ ಉಸಿರಾಡುತ್ತದೆ. ಗದಗಿನ ಗಾಳಿಗೆ ಮಾತ್ರ ಬಯಲಲ್ಲಿ ಅದು ನಿಲ್ಲದು.

ಇದೇ ಲೆಕ್ಕ ಹಾರಿಸುವುದಕ್ಕೂ ಬೇಕು. ಘಟೋತ್ಕಚನನ್ನು ಹಾರಿಸುವ ಶಕ್ತಿ ಕಥೆಯಲ್ಲಿ ಅವನ ಅಂತ್ರಕುಸುಮ ಎಂಬ ಅಂಗಿಯದು. ಬಸುನಂದ ಎಂಬ ಟೋಪಿ, ಪದಕಚರ್ಮ ಎಂಬ ಪಾದರಕ್ಷೆ ಇವೂ ದೇವರು ಕೊಟ್ಟವೇ. ಪರದೆಯ ಮೇಲೆ ಹಾರಿಸುವುದು ಆಡಿಸುವವನ ಮಣಿಕಟ್ಟು. ಕೋಲನ್ನು ದಿಂಡಿನಿಂದ ಕಿತ್ತು, ಎರಡೂ ಕೈಕಡ್ಡಿಗಳನ್ನು ಹಿಡಿಕೆಯ ಜೊತೆ ಒಂದೇ ಮುಷ್ಟಿಗೆ ಸೇರಿಸಿ, ಗೊಂಬೆಯನ್ನು ನೆಲಕ್ಕೆ ಒಮ್ಮೆ ಬಲವಾಗಿ ಒದೆಸಿ, ಮೇಲಕ್ಕೆ ಎಗರಿಸಿ ಪರದೆಯಿಂದ ಪೂರ್ತಿ ಹೊರಗೆ ಒಯ್ಯಿರಿ. ಪರದೆ ಖಾಲಿ. ಆಮೇಲೆ ಮೇಲಿನ ಮೂಲೆಯಿಂದ ಓರೆಯಾಗಿ, ತಲೆ ಮುಂದೆ ಮಾಡಿ, ಬಟ್ಟೆಗೆ ಒತ್ತಿ ಸರ್ರನೆ ಎದುರಿನ ಮೂಲೆಗೆ. ದೂರದಿಂದ ಹತ್ತಿರ ಬಂದಂತೆ ಕಾಣಬೇಕಾದರೆ ಗೊಂಬೆಯನ್ನು ದೀಪದ ಕಡೆ ತನ್ನಿ. ದೀಪ ಮತ್ತು ಪರದೆಯ ನಡುಮಧ್ಯಕ್ಕೆ, ಅಂದರೆ 50 ಸೆಂಟಿಮೀಟರಿಗೆ ತಂದರೆ ನೆರಳು ಎರಡು ಪಟ್ಟು. ಹೊಸಬರು ಇಡೀ ಹಾರಾಟವನ್ನು ಗಾಳಿಯಲ್ಲೇ ಮಾಡಿಬಿಡುತ್ತಾರೆ, ಆಗ ಆದಿಯಿಂದ ಅಂತ್ಯದವರೆಗೆ ಮಸುಕು ಮೋಡವೊಂದು ಸರಿದಂತೆ. ಚೂಪು ನೆರಳಿನಿಂದ ಶುರುವಾಗಿ, ಒಮ್ಮೆ ಮಾತ್ರ ಹಿಗ್ಗಿ, ಮತ್ತೆ ಚೂಪಿಗೆ ಬಂದರೆ ಹಾರಾಟ. ಇದರ ಹಿಂದೆ ಕೆಪ್ಯಾಕ್ ಎಂಬ ಲೋಹದ ತಗಡುಗಳ ಸದ್ದು, ಆಡಿಸುವ ದಲಂಗ್ ತನ್ನ ಕಾಲಿನಿಂದಲೇ ಬಡಿಯುತ್ತಾನೆ, ಕೈಯೆರಡೂ ಗೊಂಬೆಯಲ್ಲಿ ತೊಡಗಿರುತ್ತವೆ. ಬಿರುಸಿನ ಹೊತ್ತಿನ ಹಾಡಿಗೆ ಅಡ-ಅಡ ಎಂದು ಹೆಸರು. ನಮ್ಮಲ್ಲಿ ಆ ತಗಡಿನ ಜಾಗದಲ್ಲಿ ತಾಳ ಇಡುವುದು ನನಗೆ ಒಪ್ಪಿಗೆಯಿಲ್ಲ. ತಾಳದ ನಾದ ಉಳಿಯುತ್ತದೆ, ಒದೆತಕ್ಕೆ ಬೇಕಾದದ್ದು ಕಡಿದು ನಿಲ್ಲುವ ಸದ್ದು. ಕಟ್ಟಿಗೆಯ ಪೆಟ್ಟಿಗೆಯನ್ನು ಕಾಲಿನಿಂದ ಬಡಿದರೂ ಅದಕ್ಕಿಂತ ಮೇಲು.

ಇಡೀ ಆಟ ರಾತ್ರಿ ಸುಮಾರು ಒಂಬತ್ತರಿಂದ ಬೆಳಗಿನವರೆಗೆ, ಮೂರು ಭಾಗ: ನೆಮ್, ಸಂಗ, ಮನ್ಯುರ. ನಡುರಾತ್ರಿಯ ಹೊತ್ತಿಗೆ ಸೆಮಾರ್ ಮತ್ತು ಅವನ ಮಕ್ಕಳ ನಗೆಯಾಟ. ನಮ್ಮ ತೊಗಲುಗೊಂಬೆಯಾಟದಲ್ಲಿ ನಗಿಸುವ ಗೊಂಬೆಗಳಾದ ಕಿಳ್ಳೇಕ್ಯಾತ, ಬಂಗಾರಕ್ಕ ನೆನಪಾಗುತ್ತಾರೆ, ಆದರೆ ಸೆಮಾರ್ ನಗಿಸುವವನ ರೂಪದಲ್ಲಿರುವ ದೇವರು. ಘಟೋತ್ಕಚನ ಸಾವಿನ ಆಟಕ್ಕೆ ಗಟೊಟ್ಕಾಚ ಗುಗುರ್ ಎಂದೂ, ಪಂಜಿನ ಯುದ್ಧ ಎಂಬ ಅರ್ಥದಲ್ಲಿ ಸುಲುಹನ್ ಎಂದೂ ಹೆಸರು. ಭಾರತಯುದ್ಧದ ಆಟಗಳನ್ನು ಭಾರವಾದವು ಎಂದು ಎಣಿಸಿ, ನೈವೇದ್ಯ ಇಟ್ಟು ಶುರು ಮಾಡುವ ರೂಢಿ.

ಈ ಆಟ ಮಾಡುವವರು ಕಾಲಬೆಂದನನನ್ನು ಬಿಡಬಾರದು. ಅವನು ಘಟೋತ್ಕಚನ ಸೋದರಮಾವ, ಹಿಡಿಂಬೆಯ ತಮ್ಮ, ಸುಳ್ಳು ಹೇಳಲು ಬಾರದ ಕುಳ್ಳ ರಕ್ಕಸ. ಅಭಿಮನ್ಯು ಇನ್ನೊಂದು ಮದುವೆ ಮಾಡಿಕೊಳ್ಳುತ್ತಿದ್ದ ಗುಟ್ಟನ್ನು ಮೊದಲ ಹೆಂಡತಿಯ ಮುಂದೆ ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟ. ತಮ್ಮನ ಮಾನ ಕಾಯುವ ಸಿಟ್ಟಿನಲ್ಲಿ ಘಟೋತ್ಕಚ ಒಂದು ಏಟು ಹಾಕಿದ. ಕೊಲ್ಲುವ ಮನಸ್ಸಿರಲಿಲ್ಲ, ಕಬ್ಬಿಣದ ಎಲುಬಿನ ಕೈ, ಮಾವ ಸತ್ತ. ಆ ಜೀವ ಕಾದುಕೊಂಡು ಕೂತಿತು. ಯುದ್ಧದ ರಾತ್ರಿ ಕೊಂತ ಎಟುಕದಷ್ಟು ಎತ್ತರಕ್ಕೆ ಘಟೋತ್ಕಚ ಹಾರಿದ. ಕರ್ಣ ಎಸೆದ ಆಯುಧ ಬಲ ಕುಂದಿ ಇಳಿಯತೊಡಗಿದಾಗ ಅದನ್ನು ಹಿಡಿದು ಮೇಲಕ್ಕೆ ಒಯ್ದು ಹೊಕ್ಕುಳಿಗೆ ಮುಟ್ಟಿಸಿದ್ದು ಮಾವನ ಜೀವ. ದ್ವೇಷದಿಂದಲ್ಲ, ಜೊತೆಗೆ ಕರೆದುಕೊಂಡು ಹೋಗಲು.

ಪರದೆಯ ಮೇಲೆ ಇದಕ್ಕೆ ಬೇಕಾದದ್ದು ನಾಲ್ಕು ತುಂಡು: ಘಟೋತ್ಕಚ, ಕಡ್ಡಿ ಕಟ್ಟಿದ ಚಿಕ್ಕ ಕೊಂತ, ಕಾಲಬೆಂದನ, ಕರ್ಣನ ರಥ. ಘಟೋತ್ಕಚನನ್ನು ಪರದೆಯ ಮೇಲಂಚಿನಲ್ಲಿ ತಲೆ ಅರ್ಧ ಹೊರಗೆ ಹೋಗುವಂತೆ ಹಿಡಿಯಿರಿ, ಎತ್ತರ ಗೊತ್ತಾಗುವುದು ಹಾಗೆ. ಕೊಂತವನ್ನು ಕೆಳಗಿನಿಂದ ಬಿರುಸಾಗಿ ಏರಿಸಿ, ಮುಕ್ಕಾಲು ದೂರದಲ್ಲಿ ನಿಧಾನಿಸಿ, ನಿಲ್ಲಿಸಿ, ಸ್ವಲ್ಪ ಇಳಿಸಿ. ಆ ಇಳಿತವನ್ನು ಅವಸರದಲ್ಲಿ ಬಿಟ್ಟರೆ ಮಾವ ಯಾಕೆ ಬಂದ ಎನ್ನುವುದೇ ತಿಳಿಯದು. ಕಾಲಬೆಂದನನನ್ನು ದೀಪದ ಕಡೆಯಿಂದ ಮಸುಕಾಗಿ ತಂದು, ಕೊಂತದ ಹತ್ತಿರ ಬಂದಾಗ ಮಾತ್ರ ಬಟ್ಟೆಗೆ ಒತ್ತಿ. ತಾಗುವ ಜಾಗ ಹೊಕ್ಕುಳೇ ಆಗಬೇಕು, ಎದೆಯಲ್ಲ. ನಾಟಕದ ರೂಢಿಯಿಂದ ಎದೆಗೆ ಚುಚ್ಚುವವರು ಒರೆಯ ಕಥೆಯನ್ನೇ ಕಳೆದುಕೊಳ್ಳುತ್ತಾರೆ. ತಾಗಿದ ಮೇಲೆ ಕೊಂತವನ್ನು ಹಿಂದಕ್ಕೆ ಎಳೆಯಬೇಡಿ, ಘಟೋತ್ಕಚನ ನೆರಳಿನ ಹಿಂದೆ ಸರಿಸಿ ಅಲ್ಲೇ ಬಿಡಿ. ಅದು ತನ್ನ ಒರೆಗೆ ಬಂದಿದೆ.

ಬೀಳುವುದು ಎರಡು ಹಂತ. ಮೊದಲು ಎರಡೂ ಕೈಕಡ್ಡಿ ಬಿಟ್ಟುಬಿಡಿ, ಉದ್ದನೆಯ ಕೈಗಳು ತಾವಾಗಿ ಜೋತುಬೀಳಲಿ, ಕೀಲಿನ ಗಂಟು ಸರಿಯಿದ್ದರೆ ಇಲ್ಲಿ ಗೊತ್ತಾಗುತ್ತದೆ. ಆಮೇಲೆ ಗೊಂಬೆಯನ್ನು ದೀಪದ ಕಡೆ ತಂದು, ನೆರಳು ಎರಡು ಪಟ್ಟು ಹಿಗ್ಗಿ ಪರದೆಯನ್ನೆಲ್ಲ ಕಪ್ಪಾಗಿಸುತ್ತ, ರಥದ ಮೇಲೆ ಇಳಿಸಿ. ಕರ್ಣ ಹಾರಿ ತಪ್ಪಿಸಿಕೊಳ್ಳುತ್ತಾನೆ, ಅವನ ಗೊಂಬೆಯನ್ನು ರಥದಿಂದ ಮೊದಲೇ ಸಡಿಲ ಮಾಡಿಟ್ಟಿರಬೇಕು. ಕೆಪ್ಯಾಕ್ ನಿಲ್ಲಲಿ. ಅದಾದ ಮೇಲೆ ಘಟೋತ್ಕಚನನ್ನು ಮತ್ತೆ ದಿಂಡಿಗೆ ಚುಚ್ಚಿ ನಿಲ್ಲಿಸುವುದಿಲ್ಲ. ಕೈಗಳನ್ನು ಮೈಗೆ ಮಡಚಿ, ಬಣ್ಣದ ಮೇಲೆ ಮೆತ್ತನೆಯ ಬಟ್ಟೆ ಹಾಸಿ, ಸಮತಟ್ಟಾಗಿ ಪೆಟ್ಟಿಗೆಗೆ. ನಮ್ಮ ಮಳೆಗಾಲದಲ್ಲಿ ಪೆಟ್ಟಿಗೆಯೊಳಗೆ ಒಣ ಬೇವಿನ ಎಲೆ ಇರಲಿ, ಮೇಲೆ ಸಮ ಭಾರದ ಹಲಗೆ ಇರಲಿ, ಬಿಸಿಲು ಬಿದ್ದ ದಿನ ತೆಗೆದು ನೆರಳಿನಲ್ಲಿ ಗಾಳಿಗೆ ಇಡಿ. ನೇರ ಬಿಸಿಲಿಗೆ ಇಟ್ಟರೆ ಮೊದಲು ಸೊಟ್ಟಗಾಗುವುದು ಆ ಕೊಂಡಿಯಂಥ ಕೂದಲಿನ ತುದಿ.